ನೀಲಿ ತೊಟ್ಟಿಗೆ ನೆಲದ ಒಪ್ಪಿಗೆ

ಲಾರಿಯಲ್ಲಿ ಬರುತ್ತದೆ, ಕ್ರೇನಿನಲ್ಲಿ ಇಳಿಯುತ್ತದೆ, ವಾರದೊಳಗೆ ಈಜಾಡಬಹುದು. ಮೈಸೂರು ಸುತ್ತಲ ತೋಟದ ಮನೆಗಳಲ್ಲೂ ಈಗ ಫೈಬರ್ ಈಜುಕೊಳದ್ದೇ ಮಾತು. ಕಪಿಲೆ, ಕಾವೇರಿ ನಡುವಿನ ಹದಿನಾರು ಎಂಬ ಊರಿನ ಸೀಮೆಯಲ್ಲಿ ಮಾತ್ರ ತೊಟ್ಟಿಯ ಬಣ್ಣ ಆರಿಸುವ ಮೊದಲು ಅದರಡಿಯ ಮಣ್ಣನ್ನೂ ಒರತೆಯನ್ನೂ ಕೇಳಬೇಕು!

ಕ್ರೇನಿನ ಕೊಕ್ಕೆಗೆ ಸಿಕ್ಕಿಸಿದ ನಾಲ್ಕು ಬೆಲ್ಟುಗಳು ಬಿಗಿಯಾಗುತ್ತವೆ. ಲಾರಿಯ ಮೇಲಿದ್ದ ನೀಲಿ ತೊಟ್ಟಿ ಒಮ್ಮೆ ಕಿರುಗುಟ್ಟಿ, ಒಂದು ಮೂಲೆಯಿಂದ ಮೇಲೆದ್ದು, ಕಾಂಪೌಂಡು ದಾಟಿ, ತೆಂಗಿನ ಗರಿಗಳನ್ನು ಸವರಿಕೊಂಡು ಸಾಗುತ್ತದೆ. ಅದು ಗಾಳಿಗೆ ತಿರುಗದಂತೆ ಕೆಳಗೆ ಇಬ್ಬರು ಹಗ್ಗ ಹಿಡಿದು ಜಗ್ಗುತ್ತಿದ್ದಾರೆ. ಆಪರೇಟರನ ಕಣ್ಣು ಮೇಸ್ತ್ರಿಯ ಬೆರಳಿನ ಮೇಲೆ. “ಇಳ್ಸು... ಇಳ್ಸು... ತಡಿ, ತಡಿ!” ಬೇಲಿಯಾಚೆ ಶಾಲೆಗೆ ಹೊರಟ ಹುಡುಗರು ನಿಂತೇಬಿಟ್ಟಿದ್ದಾರೆ. “ಅಣ್ಣ, ದೋಣಿನಾ ಅದು?”

ಫೈಬರ್ ಈಜುಕೊಳ ಇಳಿಯುವ ದಿನ ಯಾವ ಊರಿನಲ್ಲಾದರೂ ನೋಟ ಹೀಗೇ ಇರುತ್ತದೆ. ಬೆಳಿಗ್ಗೆ ಬರಿಯ ಗುಂಡಿ, ಮಧ್ಯಾಹ್ನದ ಹೊತ್ತಿಗೆ ಗುಂಡಿಯಲ್ಲಿ ತೊಟ್ಟಿ, ವಾರ ಕಳೆಯುವಷ್ಟರಲ್ಲಿ ತುಂಬಿದ ನೀರು. ಕಂಬಿ ಕಟ್ಟಿ, ಸೆಂಟ್ರಿಂಗ್ ಹೊಡೆದು, ಕ್ಯೂರಿಂಗ್ ಮುಗಿಸಿ, ಟೈಲ್ಸ್ ಅಂಟಿಸಿ ತಿಂಗಳುಗಟ್ಟಲೆ ಕಾಯುವ ಕಾಂಕ್ರೀಟ್ ಕೊಳ ಕಂಡವರಿಗೆ ಈ ವೇಗವೇ ದೊಡ್ಡ ಆಕರ್ಷಣೆ. ತೋಟದ ಮನೆಯವರು, ಹೋಂಸ್ಟೇ ಕಟ್ಟುವವರು ಬೇಸಿಗೆ ಹತ್ತಿರವಾದಂತೆ ಕೇಳುವ ಮೊದಲ ಪ್ರಶ್ನೆ, ರೆಡಿಮೇಡ್ ಪೂಲ್ ಎಷ್ಟಾಗುತ್ತೆ, ಯಾವ್ಯಾವ ಬಣ್ಣ ಇದೆ ಎಂಬುದು.

ಹದಿನಾರಿನಂಥ ಊರಲ್ಲಿ ಪ್ರಶ್ನೆ ಬೇರೆ ಕಡೆಯಿಂದ ಶುರುವಾಗಬೇಕು. ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯ ಬಳಿ ಹರಿಯುವ ಕಪಿಲೆ, ಅಂದರೆ ಕಬಿನಿ, ತಿ.ನರಸೀಪುರದ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಈ ಸೀಮೆಯ ತುಂಬ ಕೆರೆ, ನಾಲೆ, ಗದ್ದೆಬಯಲು. ಮೈಸೂರು ಅರಸರ ಮೂಲದ ಕಥೆಯಲ್ಲಿ ಯದುರಾಯನ ಜೊತೆಗೆ ಹೆಸರು ಬರುವ ಹದಿನಾರಿನಲ್ಲಿ ಇವತ್ತು ಹೊರಗಿನವರು ಹುಡುಕಿಕೊಂಡು ಬರುವುದು ಕೆರೆಯನ್ನು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಕೆರೆ ಅದು. ಇಂಥ ನೆಲದಲ್ಲಿ ಆರಡಿ ಗುಂಡಿ ತೆಗೆದರೆ ಒಳಗಿನಿಂದ ಏನು ಬರುತ್ತದೆ ಎಂಬುದು ತೊಟ್ಟಿಯ ಬಣ್ಣಕ್ಕಿಂತ ಬಹಳ ದೊಡ್ಡ ವಿಷಯ.

ಹುಡುಗನ ಪ್ರಶ್ನೆ ಸರಿಯಾಗೇ ಇತ್ತು

ದೋಣಿಗೂ ಈ ತೊಟ್ಟಿಗೂ ಮೈ ಒಂದೇ. ಕೂದಲಿಗಿಂತ ಸಣ್ಣಗೆ ಎಳೆದ ಗಾಜಿನ ನೂಲು, ಅದನ್ನು ಹಿಡಿದಿಡುವ ರಾಳ. ಗಾಜಿನ ನೂಲನ್ನು ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ತಂದ ಅಮೆರಿಕದ ಓವೆನ್ಸ್ ಕಾರ್ನಿಂಗ್ ಕಂಪನಿ ಹುಟ್ಟಿದ್ದು 1938ರಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಹೊಸ ವಸ್ತು ದೋಣಿಗೆ ಬಂತು, 1953ರಲ್ಲಿ ಷೆವರ್ಲೆ ಕಾರ್ವೆಟ್ ಕಾರಿನ ಮೈಯಾಯಿತು, ಬರಬರುತ್ತ ಈಜುಕೊಳಕ್ಕೂ ಇಳಿಯಿತು. ನಮ್ಮ ಕಾವೇರಿ ತೀರದಲ್ಲೂ ಬಿದಿರು ಹೆಣೆದು ತೊಗಲು ಹೊದಿಸುತ್ತಿದ್ದ ಹರಿಗೋಲಿನ ಪಕ್ಕದಲ್ಲಿ ಫೈಬರ್ ಹರಿಗೋಲು ತೇಲುತ್ತಿದೆ.

ತೊಟ್ಟಿ ತಯಾರಾಗುವುದು ಬೋರಲಾಗಿ. ಕವುಚಿಟ್ಟ ದೊಡ್ಡ ಅಚ್ಚಿಗೆ ಮೇಣ ತಿಕ್ಕಿ, ಮೊದಲು ಬಣ್ಣದ ಜೆಲ್‌ಕೋಟ್ ಹೊಡೆಯುತ್ತಾರೆ. ನಾಳೆ ನೀರಿಗೂ ಬಿಸಿಲಿಗೂ ಮುಖ ಕೊಡುವ ಪದರ ಅದು. ಅದರ ಮೇಲೆ ಗಾಜಿನ ನಾರಿನ ಮ್ಯಾಟ್ ಹಾಸಿ, ರಾಳ ಸುರಿದು, ರೋಲರಿನಿಂದ ಗಾಳಿಗುಳ್ಳೆ ಹೋಗುವವರೆಗೆ ಉಜ್ಜುತ್ತಾರೆ. ಮತ್ತೆ ಮ್ಯಾಟ್, ನೇಯ್ದ ಗಾಜುನೂಲಿನ ಬಟ್ಟೆ (ರೋವಿಂಗ್), ಮತ್ತೆ ರಾಳ. ಕೊನೆಗೆ ಗೋಡೆ ಬಾಗದಂತೆ ಹೊರಮೈಗೆ ಪಟ್ಟಿಗಳು. ಒಣಗಿದ ಮೇಲೆ ಅಚ್ಚಿನಿಂದ ಬಿಡಿಸಿ ಮಗುಚಿದರೆ ತೊಟ್ಟಿ ಸಿದ್ಧ.

ಕೊಳ್ಳುವವನು ಚೌಕಾಸಿ ಮಾಡಬೇಕಾದ ಜಾಗ ಇದೇ. ಒಳಗೆ ಯಾವ ರಾಳ ಹೋಗಿದೆ? ಅಗ್ಗದ ತೊಟ್ಟಿಯಲ್ಲಿ ಎಲ್ಲ ಪದರಕ್ಕೂ ಸಾಮಾನ್ಯ ‘ಜಿ.ಪಿ.’ ರಾಳ ಬಳಿದಿರುತ್ತಾರೆ. ನೀರು ವರ್ಷಗಟ್ಟಲೆ ನಿಲ್ಲುವ ಕಡೆ ಜೆಲ್‌ಕೋಟಿನ ಬೆನ್ನಿಗೇ ವಿನೈಲ್ ಎಸ್ಟರ್ ರಾಳದ ಒಂದು ಪದರ ಬೇಕು. ಕನಿಷ್ಠ ‘ಐಸೋ’ (ಐಸೋಫ್ತಾಲಿಕ್) ರಾಳವಾದರೂ ಇರಬೇಕು. ಇಲ್ಲದಿದ್ದರೆ ನೀರು ಜೆಲ್‌ಕೋಟಿನ ಮೂಲಕ ಅಣುವಣುವಾಗಿ ಒಳಸೇರಿ, ನಾಲ್ಕಾರು ವರ್ಷದಲ್ಲಿ ಮೈತುಂಬ ಬೊಕ್ಕೆ ಏಳುತ್ತವೆ. ಕೋಟೇಷನ್ನಿನಲ್ಲಿ ರಾಳದ ಹೆಸರು ಬರೆದುಕೊಡಿ ಎಂದು ಕೇಳಿ. ತಡವರಿಸಿದರೆ ಬೇರೆಯವರನ್ನು ನೋಡುವುದು ಒಳ್ಳೆಯದು.

ಇನ್ನೊಂದು ಉಪಾಯ ಬಹಳ ಸರಳ. ನೀರಿನ ಮೇಲಿನ ಕಸ ಎಳೆದುಕೊಳ್ಳುವ ಸ್ಕಿಮ್ಮರ್ ಕೂರಿಸಲು ತೊಟ್ಟಿಯ ಗೋಡೆಯಲ್ಲಿ ಒಂದು ಚೌಕ ಕೊರೆಯುತ್ತಾರೆ. ಆ ತುಂಡನ್ನು ಬಿಸಾಡಬೇಡಿ ಎಂದು ಹೇಳಿ ಕೈಗೆ ತೆಗೆದುಕೊಳ್ಳಿ. ಅಂಚು ನೋಡಿದರೆ ಎಷ್ಟು ಮಿಲಿಮೀಟರ್ ದಪ್ಪ, ಎಷ್ಟು ಪದರ, ರಾಳ ಹೀರದೆ ಬೆಳ್ಳಗೆ ಉಳಿದ ಒಣ ನಾರು ಇದೆಯೇ ಎಂಬುದೆಲ್ಲ ಬರಿಗಣ್ಣಿಗೇ ಕಾಣುತ್ತದೆ. ಗೋಡೆಯನ್ನು ನಾಣ್ಯದಿಂದ ಕುಟ್ಟುತ್ತಾ ಹೋಗಿ. ಗಟ್ಟಿ ಸದ್ದಿನ ನಡುವೆ ಎಲ್ಲಾದರೂ ಟೊಳ್ಳು ಸದ್ದು ಬಂದರೆ ಅಲ್ಲಿ ಪದರಗಳ ಮಧ್ಯೆ ಗಾಳಿ ಸಿಕ್ಕಿಕೊಂಡಿದೆ.

ಒಂದೇ ಅಚ್ಚಿನ ತೊಟ್ಟಿಯೋ, ತುಂಡು ತುಂಡಾಗಿ ತಂದು ಜಾಗದಲ್ಲೇ ಬೆಸೆಯುವುದೋ? ಸಾಧ್ಯವಿದ್ದರೆ ಒಂದೇ ಅಚ್ಚಿನದು ಮೇಲು. ಬೆಸುಗೆ ಎಷ್ಟೇ ಚೆನ್ನಾಗಿದ್ದರೂ ಸೋರಿಕೆ ಶುರುವಾಗುವುದಾದರೆ ಅಲ್ಲಿಂದಲೇ. ಆದರೆ ಹತ್ತಡಿ ಅಗಲದ ತೊಟ್ಟಿ ಲಾರಿಯ ಅಗಲಕ್ಕಿಂತ ಹೆಚ್ಚು. ಅದನ್ನು ವಾಲಿಸಿ ಕಟ್ಟಿ ತರಬೇಕು, ಊರೊಳಗಿನ ತಿರುವು, ಹುಣಸೆಯ ಕೊಂಬೆ, ಅಡ್ಡ ಹಾದ ತಂತಿ ಎಲ್ಲ ದಾಟಬೇಕು. ಆರ್ಡರ್ ಕೊಡುವ ಮುಂಚೆ ಹೆದ್ದಾರಿಯಿಂದ ನಿಮ್ಮ ಗೇಟಿನವರೆಗೆ ಟೇಪು ಹಿಡಿದು ಒಮ್ಮೆ ನಡೆದುಬನ್ನಿ. ಕ್ರೇನಿನ ತೋಳು ವಿದ್ಯುತ್ ತಂತಿಯ ಬಳಿ ಆಡುವುದಾದರೆ ವಿದ್ಯುತ್ ನಿಗಮ ‘ಸೆಸ್ಕ್’ನ ಕಚೇರಿಗೆ ಮೊದಲೇ ಅರ್ಜಿ ಕೊಟ್ಟು ಆ ಹೊತ್ತಿಗೆ ಲೈನ್ ಆಫ್ ಮಾಡಿಸಲೇಬೇಕು.

ಅಳತೆಯ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಮನೆಗೆ ಇಪ್ಪತ್ತು ಅಡಿ ಉದ್ದ, ಹತ್ತಡಿ ಅಗಲ ಧಾರಾಳವಾಯಿತು. ಆಳ ನಾಲ್ಕೂಕಾಲು ಅಡಿ, ತಳ ಉದ್ದಕ್ಕೂ ಮಟ್ಟಸ. ಒಂದು ಕಡೆ ಮೂರಡಿ, ಇನ್ನೊಂದು ಕಡೆ ಆರಡಿ ಆಳ ಇರುವ ಇಳಿಜಾರು ತಳ ಮನೆಗೆ ಬೇಡವೇ ಬೇಡ. ಕಾರಣಕ್ಕೆ ಆಮೇಲೆ ಬರುತ್ತೇನೆ.

ಅಕ್ಟೋಬರಿನಲ್ಲಿ ನೆಲ ನೋಡಿ

ಮಾರ್ಚ್ ತಿಂಗಳಲ್ಲಿ ಜಾಗ ತೋರಿಸಿದರೆ ಎಲ್ಲ ನೆಲವೂ ಒಳ್ಳೆಯದೇ. ಗುಂಡಿ ಒಣಗಿರುತ್ತದೆ, ಬದಿ ಕುಸಿಯುವುದಿಲ್ಲ, ಜೆಸಿಬಿ ಅರ್ಧ ದಿನದಲ್ಲಿ ಕೆಲಸ ಮುಗಿಸಿ ಹೋಗುತ್ತದೆ. ಆದರೆ ಕಬಿನಿ ಅಣೆಕಟ್ಟೆಯ ನಾಲೆಗೆ ನೀರು ಬಿಟ್ಟು, ಗದ್ದೆಗಳಲ್ಲಿ ಭತ್ತದ ಪೈರು ನಿಂತು, ಹಿಂಗಾರು ಹಿಡಿದ ಮೇಲೆ ಅದೇ ಜಾಗಕ್ಕೆ ಹೋಗಿ ನೋಡಿ. ಗದ್ದೆಬಯಲಿನ ಪಕ್ಕದಲ್ಲಿ ಮೂರ್ನಾಲ್ಕು ಅಡಿಗೇ ಗುಂಡಿಯ ಬದಿ ಬೆವರಿ, ರಾತ್ರಿ ಕಳೆಯುವಷ್ಟರಲ್ಲಿ ತಳದಲ್ಲಿ ನೀರು ನಿಂತಿರುತ್ತದೆ. ನಾಲೆ ಬಂದ ಮೇಲೆ ತಗ್ಗಿನ ಹೊಲಗಳು ಜೌಗು ಹಿಡಿದದ್ದನ್ನು ಇಲ್ಲಿನ ರೈತರು ಚೆನ್ನಾಗಿ ಬಲ್ಲರು.

ಒರತೆಯ ನೀರು ಫೈಬರ್ ತೊಟ್ಟಿಗೆ ಶತ್ರು. ಒಳಗೆ ನೀರು ತುಂಬಿರುವವರೆಗೆ ಏನೂ ಆಗುವುದಿಲ್ಲ. ಒಳಗಿನ ಭಾರ ಹೊರಗಿನ ಒತ್ತಡವನ್ನು ತಡೆಯುತ್ತದೆ. ತೊಳೆಯುವುದಕ್ಕೋ, ಸಣ್ಣ ರಿಪೇರಿಗೋ ಎಂದು ಮಳೆಗಾಲದಲ್ಲಿ ಖಾಲಿ ಮಾಡಿದರೆ ಮುಗಿಯಿತು. ತೊಟ್ಟಿ ದೋಣಿಯಾಗುತ್ತದೆ. ಅಂಚಿನ ಕಲ್ಲು ಕಿತ್ತು, ಪೈಪು ಮುರಿದು, ಒಂದು ಕಡೆ ವಾಲಿಕೊಂಡು ನೆಲದಿಂದ ಮೇಲೇಳುತ್ತದೆ. ಹಾಗೆ ಎದ್ದ ತೊಟ್ಟಿಯನ್ನು ಅದೇ ಗುಂಡಿಗೆ ಒತ್ತಿ ಕೂರಿಸಲು ಆಗುವುದಿಲ್ಲ. ಪೂರ್ತಿ ಎತ್ತಿ, ತಳ ಮತ್ತೆ ಹಾಸಿ, ಹೊಸದಾಗಿ ಇಳಿಸಬೇಕು.

---

ಬರಿ ತೊಟ್ಟಿಯ ಬಲ: ಒಂದು ಲೆಕ್ಕ

6 ಮೀ. ಉದ್ದ, 3 ಮೀ. ಅಗಲದ ತೊಟ್ಟಿಯ ತಳ 18 ಚದರ ಮೀಟರ್. ಹೊರಗೆ ಒರತೆ ನೀರು ತಳಕ್ಕಿಂತ ಒಂದಡಿ ಮೇಲೆ ನಿಂತರೆ ತೊಟ್ಟಿಯನ್ನು ಮೇಲಕ್ಕೆ ತಳ್ಳುವ ಬಲ ಸುಮಾರು 5.5 ಟನ್. ಒಂದು ಮೀಟರ್ ನಿಂತರೆ 18 ಟನ್. ಖಾಲಿ ತೊಟ್ಟಿಯ ತೂಕ? ಸಾಮಾನ್ಯವಾಗಿ ಒಂದು ಟನ್ನಿಗೂ ಕಡಿಮೆ.

---

ಆದ್ದರಿಂದ ಅಕ್ಟೋಬರಿನಲ್ಲಿ ನೆಲ ನೋಡಿ, ಫೆಬ್ರುವರಿಯಲ್ಲಿ ತೊಟ್ಟಿ ಇಳಿಸಿ. ಮಳೆ, ನಾಲೆ ಎರಡೂ ಜೋರಾಗಿರುವಾಗ ಕೊಳ ಬರುವ ಜಾಗದಲ್ಲೇ ಎರಡಡಿ ಅಗಲ, ಆರಡಿ ಆಳದ ಒಂದು ಗುಂಡಿ ತೆಗೆಸಿ, ಮೇಲೆ ಹಲಗೆ ಮುಚ್ಚಿ, ದಿನವೂ ಬೆಳಿಗ್ಗೆ ಕೋಲು ಇಳಿಬಿಟ್ಟು ನೀರು ಅಳೆಯಿರಿ. ಒಂದು ವಾರದ ಈ ಕೆಲಸಕ್ಕೆ ಖರ್ಚೇ ಇಲ್ಲ. ನೀರು ಬಂತೆಂದರೆ ಕೊಳವೇ ಬೇಡ ಎಂದೇನಿಲ್ಲ. ತೊಟ್ಟಿಯನ್ನು ಎರಡಡಿ ಮೇಲೆತ್ತಿ ಕೂರಿಸಿ ಸುತ್ತ ಕಲ್ಲುಕಟ್ಟಡದ ಜಗಲಿ ಕಟ್ಟಿಸಬಹುದು. ಏನೇ ಮಾಡಿದರೂ ಒಂದನ್ನು ಬಿಡುವಂತಿಲ್ಲ: ತೊಟ್ಟಿಯ ಪಕ್ಕದಲ್ಲಿ ತಳದವರೆಗೆ ಇಳಿಯುವ, ತೂತು ಕೊರೆದ ಆರಿಂಚಿನ ಪಿವಿಸಿ ಪೈಪು. ಮುಚ್ಚಳ ತೆಗೆದು ಇಣುಕಿದರೆ ಹೊರಗಿನ ನೀರಿನ ಮಟ್ಟ ಕಾಣಬೇಕು; ಹೆಚ್ಚಾದರೆ ಸಣ್ಣ ಪಂಪ್ ಇಳಿಬಿಟ್ಟು ಎತ್ತುವಂತಿರಬೇಕು. ಈ ಒಂದು ಪೈಪನ್ನು ಉಳಿಸಲು ಹೋಗಿ ಇಡೀ ಕೊಳ ಕಳೆದುಕೊಳ್ಳಬೇಡಿ.

ನದಿದಡದ ಜಾಗದವರಿಗೆ ನನ್ನ ಮಾತು ಇನ್ನೂ ಕಟು. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಬಿನಿ ತುಂಬಿ ಬಂದಾಗ ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತು, ಮೈಸೂರು ರಸ್ತೆಯೂ ಮುಳುಗಿತು. ಆ ನೀರು ಮುಟ್ಟಿದ ಜಾಗದಲ್ಲಿ ತೊಟ್ಟಿ ಹೂಳುವ ಯೋಚನೆಯನ್ನೇ ಬಿಡಬೇಕು.

ಮಣ್ಣಿನ ವಿಚಾರ. ನಂಜನಗೂಡು, ತಿ.ನರಸೀಪುರ ತಾಲ್ಲೂಕುಗಳಲ್ಲಿ ಎತ್ತರದ ಹೊಲ ಕೆಂಪು ಮಣ್ಣು; ತಗ್ಗಿಗೆ, ಹೊಳೆಯ ಕಡೆಗೆ ಇಳಿದಂತೆ ಎರೆ. ಕೆಂಪು ನೆಲ ತೊಟ್ಟಿಗೆ ಒಳ್ಳೆಯದು: ನೀರು ಬಸಿಯುತ್ತದೆ, ಬದಿ ನಿಲ್ಲುತ್ತದೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರಿಯುತ್ತದೆ. ಉಬ್ಬಿದಾಗ ಗೋಡೆಯನ್ನು ಒಳಕ್ಕೆ ನೂಕುತ್ತದೆ, ಬಿರಿದಾಗ ಆಸರೆ ತಪ್ಪಿಸುತ್ತದೆ. ಅಲ್ಲಿ ಗುಂಡಿಯನ್ನು ಸುತ್ತಲೂ ಒಂದೂವರೆ ಅಡಿ ಹೆಚ್ಚು ಅಗಲವಾಗಿ ತೆಗೆಸಿ, ಎರೆಗೂ ಜಲ್ಲಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹೊದಿಸಿ, ಬರಿಯ ಜಲ್ಲಿ ತುಂಬಬೇಕು. ಅಗೆದ ಎರೆಮಣ್ಣನ್ನು ಒಂದು ಬುಟ್ಟಿಯೂ ವಾಪಸ್ ಹಾಕಬಾರದು. ಕೆಲವು ಕಡೆ ಮೂರಡಿಗೇ ಬಂಡೆ ಸಿಗುತ್ತದೆ. ಬ್ರೇಕರ್ ತರಿಸಿ ಒಡೆಸುವ ಖರ್ಚಿಗಿಂತ ಕೊಳವನ್ನು ಅರ್ಧ ಮೇಲೆತ್ತುವುದು ಲೇಸು.

ಎಲ್ಲರೂ ಕೇಳುವ ಇನ್ನೊಂದು ಮಾತು, ಈಶಾನ್ಯದಲ್ಲಿ ಇಡಬೇಕಲ್ಲವೇ ಎಂದು. ಇಡಿ, ತೊಂದರೆಯಿಲ್ಲ. ಆದರೆ ವಾಸ್ತು ನೋಡಿ ಕಟ್ಟಿದ ಮನೆಯಲ್ಲಿ ಅಂಗಳದ ಇಳಿಜಾರೂ ಈಶಾನ್ಯಕ್ಕೇ ಇರುತ್ತದೆ. ಇಡೀ ತೋಟದ ಮಳೆನೀರು ಅಲ್ಲಿಗೇ ಹರಿದುಬರುತ್ತದೆ. ಕೊಳದ ಅಂಚು ಸುತ್ತಲ ನೆಲಕ್ಕಿಂತ ಅರ್ಧ ಅಡಿ ಎತ್ತರವಿದ್ದು, ಸುತ್ತ ಚರಂಡಿ ಇರಲಿ. ತೆಂಗಿನ ಮರದ ಕೆಳಗೆ ಬೇಡ. ಬೀಳುವ ಕಾಯಿ, ಗರಿ ತೊಟ್ಟಿಗೂ ತಲೆಗೂ ಅಪಾಯ. ಹುಣಸೆಯ ಹತ್ತಿರವೂ ಬೇಡ. ಅದರ ಸಣ್ಣೆಲೆಯಿಂದ ಸ್ಕಿಮ್ಮರ್ ಬುಟ್ಟಿ ದಿನವೂ ಕಟ್ಟಿಕೊಳ್ಳುತ್ತದೆ. ಕಕ್ಕಸು ಗುಂಡಿಯಿಂದ, ಮನೆಯ ಪಾಯದಿಂದ ದೂರವಿರಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ನೀರು, ಜಲ್ಲಿ: ಒಟ್ಟೊಟ್ಟಿಗೆ

ಗುಂಡಿಯ ತಳಕ್ಕೆ ಐದಾರು ಇಂಚು ಸಣ್ಣ ಜಲ್ಲಿ ಅಥವಾ ಎಂ-ಸ್ಯಾಂಡ್ ಹಾಸಿ, ಉದ್ದನೆಯ ನೇರ ಪಟ್ಟಿಯಿಂದ ಎಳೆದು, ರಸಮಟ್ಟ ಇಟ್ಟು ನೋಡುತ್ತಾರೆ. ಇಲ್ಲಿ ಆತುರ ಮಾಡಿದ ಮೇಸ್ತ್ರಿಯನ್ನು ಕೊಳ ಕೊನೆಯವರೆಗೂ ಬಯಲು ಮಾಡುತ್ತಿರುತ್ತದೆ. ನೀರು ಸುಳ್ಳು ಹೇಳುವುದಿಲ್ಲ. ಒಂದು ಅಂಚು ಒಂದಿಂಚು ತಗ್ಗಿದ್ದರೂ ತುಂಬಿದ ಕೊಳದಲ್ಲಿ ದೂರದಿಂದಲೇ ಕಾಣುತ್ತದೆ. ತೊಟ್ಟಿ ಇಳಿಸಿದ ಮೇಲೆ ನಾಲ್ಕೂ ಮೂಲೆಗೆ ಟ್ಯೂಬ್ ಲೆವೆಲ್ ಹಿಡಿದು ನೋಡಿ, ಸರಿಯಿಲ್ಲವೆಂದರೆ ಕ್ರೇನ್ ಇರುವಾಗಲೇ ಎತ್ತಿಸಿ ತಳ ಸರಿಪಡಿಸಬೇಕು. ಕ್ರೇನಿನವನು ಬಾಡಿಗೆ ಗಂಟೆ ಲೆಕ್ಕ ಹಾಕುತ್ತಿರುತ್ತಾನೆ, ಆ ಒತ್ತಡಕ್ಕೆ ಮಣಿಯಬಾರದು.

ನಂತರದ ಕೆಲಸ ತಾಳ್ಮೆಯದು. ಒಳಗೆ ಒಂದಡಿ ನೀರು, ಹೊರಗೆ ಒಂದಡಿ ಜಲ್ಲಿ. ಮತ್ತೆ ಒಂದಡಿ ನೀರು, ಮತ್ತೆ ಒಂದಡಿ ಜಲ್ಲಿ. ಎರಡೂ ಸಮಸಮ ಏರಬೇಕು. ಒಳಗೆ ಪೂರ್ತಿ ನೀರು ತುಂಬಿ ಹೊರಗೆ ಖಾಲಿ ಬಿಟ್ಟರೆ ಗೋಡೆ ಹೊಟ್ಟೆ ಬಿಡುತ್ತದೆ. ಹೊರಗೆ ಮೊದಲು ತುಂಬಿದರೆ ಗೋಡೆ ಒಳಕ್ಕೆ ಬಾಗುತ್ತದೆ. ಬಾಗಿದ್ದು ಆಮೇಲೆ ನೆಟ್ಟಗಾಗುವುದಿಲ್ಲ. ಮೆಟ್ಟಿಲು, ಕೂರುವ ಕಟ್ಟೆಯ ಕೆಳಗೆ ಕೈ ಹಾಕಿ ಜಲ್ಲಿ ತುರುಕಬೇಕು. ಅಲ್ಲಿ ಪೊಳ್ಳು ಉಳಿದರೆ ತುಳಿದಾಗ ತಳ ಅದುರುತ್ತದೆ. ಪೈಪುಗಳನ್ನು ಮುಚ್ಚುವ ಮುಂಚೆ ಗಾಳಿಯ ಒತ್ತಡ ಹಾಕಿ ರಾತ್ರಿಯಿಡೀ ಬಿಟ್ಟು ಸೋರಿಕೆ ನೋಡಬೇಕು. ಕೊನೆಗೆ ಅಂಚಿನ ಸುತ್ತ ಕಂಬಿ ಹಾಕಿದ ಕಾಂಕ್ರೀಟ್ ಪಟ್ಟಿ. ತೊಟ್ಟಿಯ ಕೊರಳನ್ನು ಹಿಡಿದಿಡುವುದು ಅದೇ.

ಈ ಹಂತಕ್ಕೆ ನೀರು ಒಂದೇ ಸಮನೆ ಸಿಗಬೇಕು. ಇಲ್ಲಿಂದ ಮಾತು ಇನ್ನೊಂದು ಕಡೆ ಹೊರಳುತ್ತದೆ.

ಯಾರ ನೀರು?

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮುಂದಿನ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ, ಮೀರಿದರೆ 5,000 ರೂಪಾಯಿ ದಂಡ ಎಂದಿತು. ಹಳ್ಳಿಯಲ್ಲಿ ದಂಡ ಹಾಕುವವರು ಇಲ್ಲದಿರಬಹುದು. ನಲ್ಲಿಯ ಮುಂದೆ ಕೊಡ ಇಟ್ಟು ಕಾಯುವ ನೆರೆಯವರು ಇದ್ದೇ ಇರುತ್ತಾರೆ. ಪಂಚಾಯಿತಿಯ ನಲ್ಲಿ ನೀರಿನಿಂದ ಕೊಳ ತುಂಬಿಸುವುದು ಸಲ್ಲದ ಕೆಲಸ. ಬೇಸಾಯಕ್ಕೆಂದು ಉಚಿತ ವಿದ್ಯುತ್ ಪಡೆದ ಪಂಪ್‌ಸೆಟ್ಟಿನಿಂದ ತುಂಬಿಸುವುದೂ ಅಷ್ಟೇ. ಕೊಳದ ಮೋಟರಿಗೆ ಬೇರೆ ಮೀಟರ್ ಹಾಕಿಸಿಕೊಳ್ಳಬೇಕು.

---

ಕೊಳದ ಬಾಯಾರಿಕೆ

* 6 × 3 ಮೀ. ಕೊಳದಲ್ಲಿ 1.3 ಮೀ. ನೀರು ನಿಂತರೆ 23,400 ಲೀಟರ್. ಜಲಜೀವನ್ ಮಿಷನ್ ಲೆಕ್ಕದಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಂದರೆ ನಾಲ್ವರ ಕುಟುಂಬಕ್ಕೆ ಮೂರೂವರೆ ತಿಂಗಳ ನೀರು.
* ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಆವಿಯಾದರೆ 90 ಲೀಟರ್. ತಿಂಗಳಿಗೆ 2,700 ಲೀಟರ್. ಹೊದಿಕೆ ಹಾಸಿಟ್ಟರೆ ಇದರಲ್ಲಿ ಬಹುಪಾಲು ಉಳಿಯುತ್ತದೆ.
* 100 ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ 700 ಮಿ.ಮೀ. ಮಳೆ ಸುರಿದರೆ 70,000 ಲೀಟರ್. ಕಾಲುಭಾಗ ಪೋಲಾದರೂ ಕೊಳ ಎರಡು ಸಲ ತುಂಬುತ್ತದೆ.

---

ಒಮ್ಮೆ ತುಂಬಿದ ನೀರನ್ನು ಫಿಲ್ಟರ್ ಮಾಡುತ್ತಾ ವರ್ಷಗಳ ಕಾಲ ಉಳಿಸಿಕೊಳ್ಳಬಹುದು ಎಂಬುದು ಸಮಾಧಾನ. ಆದ್ದರಿಂದ ಮೊದಲ ತುಂಬುವಿಕೆಗಿಂತ ಆವಿಯಾಗಿ ಹೋಗುವುದೇ ದೊಡ್ಡ ಲೆಕ್ಕ. ಹಿಂಗಾರಿನ ತಾರಸಿ ನೀರನ್ನು ಸಂಪಿನಲ್ಲಿ ಹಿಡಿದಿಟ್ಟವರಿಗೆ ಬೇಸಿಗೆಯಲ್ಲಿ ಟ್ಯಾಂಕರ್ ಕರೆಯುವ ಪ್ರಮೇಯ ಬಾರದು. ಮಳೆನೀರು ಮೆದು ಎಂಬುದು ಇನ್ನೊಂದು ಲಾಭ. ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಸ್ಟೀಲ್ ಪಾತ್ರೆಯ ಮೇಲೆ ಬಿಳಿ ಕಲೆ ಬಿಡುವ ಅದೇ ಸುಣ್ಣ ಜೆಲ್‌ಕೋಟಿನ ಮೇಲೂ ಕೂರುತ್ತದೆ. ಅದನ್ನು ತಂತಿನಾರಿನಿಂದ ಉಜ್ಜಿದರೆ ಹೊಳಪು ಶಾಶ್ವತವಾಗಿ ಹೋಯಿತು.

ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಎಲ್ಲರಿಗೂ ಗೊತ್ತು. ಅಗ್ಗ, ಪಕ್ಕದ ಅಂಗಡಿಯಲ್ಲೇ ಸಿಗುತ್ತದೆ. ಈ ಅಳತೆಯ ಕೊಳಕ್ಕೆ ಒಂದು ಪಿಪಿಎಂ ಕ್ಲೋರಿನ್ ಏರಿಸಲು ಸುಮಾರು 70 ಗ್ರಾಂ ಸಾಕು. ಆದರೆ ಅದರ ಜೊತೆ ಸುಣ್ಣವೂ ಹೋಗುತ್ತದೆ, ಗಡಸು ನೀರು ಇನ್ನಷ್ಟು ಗಡಸಾಗುತ್ತದೆ. ಇಲ್ಲಿಯ ಬೋರ್‌ವೆಲ್ ನೀರಿಗೆ ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್ ಮೇಲು. ಕ್ಲೋರಿನ್ ಒಂದರಿಂದ ಮೂರು ಪಿಪಿಎಂ, ಪಿಎಚ್ 7.2ರಿಂದ 7.6ರ ನಡುವೆ ಇದ್ದರೆ ಕಣ್ಣುರಿಯಿಲ್ಲ, ಪಾಚಿಯಿಲ್ಲ. ಬಿಸಿಲು ಕ್ಲೋರಿನನ್ನು ತಿನ್ನುವುದರಿಂದ ಸಂಜೆ ಹಾಕುವುದು ಸರಿ. ಔಷಧಿಯನ್ನು ನೀರಿಗೆ ಹಾಕಬೇಕು, ನೀರನ್ನು ಔಷಧಿಗೆ ಎಂದೂ ಸುರಿಯಬಾರದು. ಕ್ಲೋರಿನ್ ಡಬ್ಬಿಯನ್ನೂ ಆಸಿಡ್ ಕ್ಯಾನನ್ನೂ ಒಂದೇ ಗೂಡಿನಲ್ಲಿ ಇಡಬಾರದು. ಎರಡೂ ಕೂಡಿದರೆ ಹೊರಡುವುದು ವಿಷಾನಿಲ. ಒಂದು ಎಚ್.ಪಿ. ಒಳಗಿನ ಮೋಟರು ದಿನಕ್ಕೆ ಆರೇಳು ಗಂಟೆ ಓಡಿದರೆ ನೀರೆಲ್ಲ ಮರಳಿನ ಫಿಲ್ಟರ್ ದಾಟಿ ಬರುತ್ತದೆ. ಐದು ಯೂನಿಟ್ ಆಸುಪಾಸು ಖರ್ಚು. ನೀರೊಳಗಿನ ದೀಪ 12 ವೋಲ್ಟಿನದೇ ಆಗಿರಬೇಕು, ಬೋರ್ಡಿನಲ್ಲಿ ವಿದ್ಯುತ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು.

ಮರಳಿನ ಫಿಲ್ಟರನ್ನು ಆಗಾಗ ಹಿಮ್ಮುಖವಾಗಿ ತೊಳೆದಾಗ ನೂರಾರು ಲೀಟರ್ ಕೊಳೆ ನೀರು ಹೊರಬೀಳುತ್ತದೆ. ಚರಂಡಿಗೆ ಬಿಟ್ಟರೆ ಅದು ಹೋಗಿ ಸೇರುವುದು ಕೆರೆಯನ್ನು. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿಸಿಕೊಂಡ ಹೆಬ್ಬಾತು ಹದಿನಾರು ಕೆರೆಯಲ್ಲಿ ಕಾಣಿಸಿಕೊಂಡಿದೆ. ಅಷ್ಟು ದೂರದಿಂದ ಬಂದ ಹಕ್ಕಿಯ ನೀರಿಗೆ ನಮ್ಮ ಮೋಜಿನ ಕ್ಲೋರಿನ್ ಸೇರಬಾರದು. ಆ ನೀರನ್ನು ಒಂದು ತೆರೆದ ಗುಂಡಿಯಲ್ಲಿ ನಾಲ್ಕೈದು ದಿನ ಬಿಸಿಲಿಗೆ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಆಮೇಲೆ ತೆಂಗಿನ ಬುಡಕ್ಕೆ ಬಿಡಬಹುದು.

ನಾಲ್ಕೂ ಕಡೆ ಬೇಲಿ

2024ರ ನವೆಂಬರ್ 17, ಭಾನುವಾರ. ಉಳ್ಳಾಲ ಸಮೀಪದ ಉಚ್ಚಿಲದ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡರು. ಮೂವರೂ ಓದುತ್ತಿದ್ದವರು, ಈಜು ಬಾರದವರು. ಕೊಳದ ಒಂದು ಬದಿ ಆರಡಿ ಆಳವಿತ್ತು. ಒಬ್ಬರು ಆಳದ ಕಡೆ ಜಾರಿದಾಗ ಕೈ ಕೊಡಲು ಹೋದ ಗೆಳತಿಯರೂ ಉಳಿಯಲಿಲ್ಲ. ಮನೆಯ ಕೊಳಕ್ಕೆ ಮಟ್ಟಸ ತಳವೇ ಇರಲಿ ಎಂದು ಹಟ ಹಿಡಿದದ್ದು ಇದಕ್ಕೇ. ನೀರೊಳಗೆ ಕಾಣದ ಇಳಿಜಾರು ಈಜು ಬಾರದವರನ್ನು ಹೆಜ್ಜೆ ಹೆಜ್ಜೆಯಾಗಿ ಒಳಕ್ಕೆ ಕರೆದೊಯ್ಯುತ್ತದೆ.

ನಮ್ಮ ಕಡೆ ಈ ಪಾಠ ಕೃಷಿ ಹೊಂಡಗಳಿಂದಲೂ ಸಿಕ್ಕಿದೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ರಾಜ್ಯದ ಹೊಲಗಳಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡಗಳು ಹೆಚ್ಚಿದವು. ಪಾಚಿ ಕಟ್ಟಿದ ಹಾಳೆಯ ಮೇಲೆ ಕಾಲು ನಿಲ್ಲದೆ, ಮೇಲೆ ಬರಲಾರದೆ ಮಕ್ಕಳು ಸತ್ತ ಸುದ್ದಿ ಮತ್ತೆ ಮತ್ತೆ ಬಂತು. ಹೊಂಡದ ಸುತ್ತ ತಂತಿ ಬೇಲಿ ಇರಲೇಬೇಕು ಎಂಬ ಮಾತು ಗಟ್ಟಿಯಾದದ್ದು ಆ ಸಾವುಗಳಿಂದ. ಮನೆಯ ಈಜುಕೊಳಕ್ಕೆ ಬೇಲಿ ಹಾಕಿಸುವವರು ಇವತ್ತಿಗೂ ವಿರಳ. ನೋಟ ಕೆಡುತ್ತದೆ ಎನ್ನುತ್ತಾರೆ. ಕಾಂಪೌಂಡ್ ಇದೆಯಲ್ಲ ಎನ್ನುತ್ತಾರೆ. ಕಾಂಪೌಂಡು ಹೊರಗಿನವರನ್ನು ತಡೆಯಬಹುದು. ಅಡುಗೆಮನೆಯ ಬಾಗಿಲಿಂದ ತಪ್ಪಿಸಿಕೊಂಡು ಹೊರಟ ಎರಡು ವರ್ಷದ ಮಗುವನ್ನು ತಡೆಯುವುದಿಲ್ಲ. ಮಗು ಕೂಗುವುದೂ ಇಲ್ಲ, ಸದ್ದಿಲ್ಲದೆ ಮುಳುಗುತ್ತದೆ.

---

ಬೇಲಿ ಹೇಗಿರಬೇಕು?

ಮನೆಯ ಈಜುಕೊಳಗಳು ಬಹಳ ಇರುವ ಆಸ್ಟ್ರೇಲಿಯಾದಲ್ಲಿ ಬೇಲಿ ಕಾನೂನಿನ ಕಡ್ಡಾಯ. ಎತ್ತರ ಕನಿಷ್ಠ 1.2 ಮೀ. ಸರಳುಗಳ ನಡುವೆ 10 ಸೆಂ.ಮೀ.ಗಿಂತ ಹೆಚ್ಚು ಸಂದಿ ಇರಬಾರದು. ಗೇಟು ಕೊಳದಿಂದ ಹೊರಮುಖವಾಗಿ ತೆರೆದು, ಕೈಬಿಟ್ಟ ಕೂಡಲೇ ತಾನೇ ಮುಚ್ಚಿಕೊಳ್ಳಬೇಕು. ಚಿಲಕ ನೆಲದಿಂದ 1.5 ಮೀ. ಎತ್ತರದಲ್ಲಿರಬೇಕು. ಬೇಲಿಯ ಪಕ್ಕ ಹತ್ತಲು ಆಸರೆಯಾಗುವ ಕುರ್ಚಿ, ಕುಂಡ ಏನೂ ಇರಕೂಡದು.

---

ಹಳ್ಳಿಯಲ್ಲಿ ಕೊಳ ಇದ್ದರೆ ಅದು ಆ ಮನೆಯದಷ್ಟೇ ಆಗಿ ಉಳಿಯುವುದಿಲ್ಲ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಬಂದ ಮಕ್ಕಳು, ಅವರ ಗೆಳೆಯರು, ತೋಟದ ಕೆಲಸಕ್ಕೆ ಬಂದವರ ಮಕ್ಕಳು ಎಲ್ಲರ ಕಣ್ಣೂ ಅದರ ಮೇಲೆ. ಹಿಂದೆ ಈ ಮಕ್ಕಳ ಅಜ್ಜಂದಿರು ಸೊಂಟಕ್ಕೆ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತರು. ದಡದಲ್ಲಿ ಅಣ್ಣನೋ ಮಾವನೋ ಹಗ್ಗ ಹಿಡಿದು ನಿಂತಿರುತ್ತಿದ್ದ. ಬಾವಿಗಳು ಬತ್ತಿ ಬೋರ್‌ವೆಲ್ ಬಂದ ಮೇಲೆ ಆ ಕಲಿಕೆ ನಿಂತೇಹೋಯಿತು. ಮನೆಯಲ್ಲಿ ನಾಲ್ಕಡಿ ನೀರು ಬಂದಿರುವುದರಿಂದ ಅದನ್ನು ಮತ್ತೆ ಶುರು ಮಾಡಬಹುದು. ಕ್ರಮವಾಗಿ ಕಲಿಸಬೇಕೆಂದರೆ ಮೈಸೂರಿನ ಸರಸ್ವತಿಪುರಂನಲ್ಲಿ ವಿಶ್ವವಿದ್ಯಾನಿಲಯದ ಈಜುಕೊಳವಿದೆ.

ವಿಶ್ವಸಂಸ್ಥೆ 2021ರಲ್ಲಿ ನಿರ್ಣಯ ಮಾಡಿ, ಜುಲೈ 25ನ್ನು ಮುಳುಗುವಿಕೆ ತಡೆ ದಿನವೆಂದು ಗೊತ್ತುಮಾಡಿದೆ. ನಮ್ಮಲ್ಲಿ ಅದು ನಾಲೆಗೆ ನೀರು ಬಿಡುವ ಕಾಲ. ಆಗಲೇ ಕೊಳವನ್ನೂ ಒಮ್ಮೆ ಪರೀಕ್ಷಿಸಬಹುದು: ಪಕ್ಕದ ಪೈಪಿನಲ್ಲಿ ಒರತೆ ಎಷ್ಟಿದೆ, ಗೇಟಿನ ಸ್ಪ್ರಿಂಗ್ ಸಡಿಲವಾಗಿದೆಯೇ, ಮುಳುಗುವವರಿಗೆ ಎಸೆಯುವ ಟ್ಯೂಬು ಗೋಡೆಯಲ್ಲೇ ನೇತಾಡುತ್ತಿದೆಯೇ ಎಂದು.

ಬೇಲಿಯ ಖರ್ಚನ್ನು ಆಮೇಲೆ ನೋಡೋಣ ಎಂದು ಬಿಟ್ಟವರು ಬಹುತೇಕ ಆಮೇಲೂ ಹಾಕಿಸುವುದಿಲ್ಲ. ಅಷ್ಟರಲ್ಲಿ ಕ್ರೇನು, ಜಲ್ಲಿ, ಗ್ರಾನೈಟ್ ಅಂಚಿಗೆಲ್ಲ ಹಣ ಮುಗಿದಿರುತ್ತದೆ. ಆದ್ದರಿಂದ ಮೊದಲ ಕೋಟೇಷನ್ನಿನಲ್ಲೇ ತೊಟ್ಟಿ, ಫಿಲ್ಟರ್, ಒರತೆ ಪೈಪಿನ ಜೊತೆಗೆ ಬೇಲಿಯನ್ನೂ ಗೇಟನ್ನೂ ಸೇರಿಸಿ ಬರೆಸಿಕೊಳ್ಳಿ. ಅಂಚಿನ ಕಾಂಕ್ರೀಟ್ ಹಾಕುವ ದಿನವೇ ಬೇಲಿ ಕಂಬಗಳನ್ನೂ ಅದರಲ್ಲಿ ನಿಲ್ಲಿಸಿಬಿಟ್ಟರೆ ಬೇರೆ ಗಾರೆ ಕೆಲಸದ ಕೂಲಿಯೂ ಉಳಿಯುತ್ತದೆ.